ನಿಂತರೆ ಕುದಿಯುವ ಕಾರು

ಸಿಗ್ನಲ್ಲಿನಲ್ಲಿ ನಿಂತಿದ್ದ ಹಾಗೆಯೇ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಕಲಿಯಲು ಬಂದು ಸ್ಟಿಯರಿಂಗ್ ಹಿಡಿದಿದ್ದ ದರ್ಜಿಯಮ್ಮ ಎರಡೂ ಕೈ ಮೇಲೆತ್ತಿ, "ಮೇಡಂ, ನಾನೇನೂ ಮುಟ್ಟಿಲ್ಲ" ಎಂದರು. ಪಕ್ಕದಲ್ಲಿದ್ದ ಡ್ರೈವಿಂಗ್ ಟೀಚರ್ ಮೀಟರಿನತ್ತ ನೋಡಿದಳು. ಶಾಖದ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತ್ತು.

ಕಾರನ್ನು ಬದಿಗೆ ಸರಿಸಿ ಎಂಜಿನ್ ನಿಲ್ಲಿಸಿದಳು. ಬಾನೆಟ್ಟಿನೊಳಗೆ ಎಂಜಿನ್ ತಂಪು ಮಾಡುವ ಫ್ಯಾನ್ ಮಾತ್ರ ಗುಂಯ್ ಎನ್ನುತ್ತಲೇ ಇತ್ತು. ಬಾನೆಟ್ ಎತ್ತಿ, ಕೈ ಒರೆಸಿದ ಬಟ್ಟೆಯನ್ನು ಮುಂದಿನ ಜಾಲರಿಗೆ ಸಿಕ್ಕಿಸಿದಳು. ಅದು ಕೆಳಗೆ ಬಿತ್ತು. ಮತ್ತೆ ಸಿಕ್ಕಿಸಿದಳು, ಮತ್ತೆ ಬಿತ್ತು. ಇದಕ್ಕೂ ಇವತ್ತೇ ಹಟ ಎಂದು ಬೈದು ಹೆಗಲಿಗೆ ಹಾಕಿಕೊಂಡಳು.

ಅಪರಾಧಿ ಯಾರೆಂದು ಅವಳ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು. ತಮ್ಮ. ಹೋದ ಭಾನುವಾರ ಗೆಳೆಯನ ಮನೆ ಸಾಮಾನು ಸಾಗಿಸಲು ಕಾರು ಒಯ್ದವನು ಅವನೇ. ಅಲ್ಲಿಂದಲೇ ಈ ಕಾಟ ಶುರು. "ನೀರು ನೋಡದೆ ಓಡಿಸಿ ಎಂಜಿನ್ ಸುಟ್ಟೆ" ಎಂದು ಅವಳು ಬೈದಿದ್ದಳು. "ನಿನ್ನ ಕೈಗೆ ಕೊಟ್ಟಿದ್ದೇ ತಪ್ಪು" ಎಂದು ಅಪ್ಪನೂ ದನಿಗೂಡಿಸಿದ್ದರು. ತಮ್ಮ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಇನ್ನು ಈ ಕಾರು ಮುಟ್ಟುವುದಿಲ್ಲ ಎಂದು ಹೊರಟುಹೋಗಿದ್ದ. ಸಂಜೆಯ ಪಾಠಗಳು ಅವನವು. ಅಕ್ಕ ತಮ್ಮ ಇಬ್ಬರೂ ಸೇರಿ ಕಟ್ಟಿದ ಡ್ರೈವಿಂಗ್ ಶಾಲೆ ಅದು, ಇದ್ದದ್ದು ಒಂದೇ ಕಾರು.

ದೊಡ್ಡ ಗ್ಯಾರೇಜಿನವರು ಎಂಜಿನ್ ಪೂರ್ತಿ ಬಿಚ್ಚಬೇಕು ಎಂದುಬಿಟ್ಟರು. ಕೊನೆಗೆ ಸಿಐಡಿಯ ಬಳಿ ಬಂದಳು. ಆ ಮೆಕ್ಯಾನಿಕ್‌ಗೆ ಊರೆಲ್ಲ ಇಟ್ಟ ಹೆಸರದು. ಬಾನೆಟ್ ಎತ್ತುವ ಮೊದಲು ಎಲ್ಲರ ಬಾಯಿ ಬಿಡಿಸುವ ಚಟ ಅವನಿಗೆ.

"ಕಾರು ಮುಟ್ಟಿದವರನ್ನೆಲ್ಲ ಕರ್ಕೊಂಡು ಬನ್ನಿ" ಎಂದ.

ಅಪ್ಪ ಬಂದು ಸ್ಟೂಲಿನ ಮೇಲೆ ಕುಳಿತರು. ತಮ್ಮ ಬಾಗಿಲಲ್ಲೇ ನಿಂತ. ಅಕ್ಕನ ಕಡೆ ನೋಡಲಿಲ್ಲ.

"ಯಾವಾಗ ಬಿಸಿಯಾಗುತ್ತೆ?"

"ನಿಂತಾಗ" ಎಂದಳು ಅವಳು. "ಸಿಗ್ನಲ್ಲಲ್ಲಿ, ಗೇರ್ ಹೇಳ್ಕೊಡುವಾಗ—"

"ಓಡುವಾಗ?"

"ಮುಳ್ಳು ತಾನಾಗೇ ಇಳಿಯುತ್ತೆ."

"ಎಸಿ?"

"ನಿಂತ್ರೆ ಬರೀ ಬಿಸಿ. ಹೊರಟ್ರೆ ತಂಪು."

ಸಿಐಡಿ ತಮ್ಮನ ಕಡೆ ತಿರುಗಿದ. "ಭಾನುವಾರ ನೀರು ನೋಡಿದ್ರಾ?"

"ಹೊರಡೋ ಮುಂಚೆನೇ ನೋಡಿದ್ದೆ. ತುಂಬಿತ್ತು. ನಂಬೋರು ನಂಬಲಿ."

ಸಿಐಡಿ ಬಗ್ಗಿ ಪೈಪು, ಪಂಪು ಎಲ್ಲ ನೋಡಿದ. ಎಲ್ಲೂ ಸೋರಿಕೆಯಿಲ್ಲ. ಒಮ್ಮೆ ಚಾಲೂ ಮಾಡಿ ನೋಡಿದರೆ ಹೊಗೆಯೂ ಸ್ವಚ್ಛ. "ಎಂಜಿನ್ ಸುಟ್ಟಿದ್ರೆ ಓಡುವಾಗ ಸುಮ್ನಿರ್ತಿತ್ತಾ? ಓಡುವಾಗ ಎದುರುಗಾಳಿ ತಂಪು ಮಾಡುತ್ತೆ. ನಿಂತಾಗ ಆ ಕೆಲಸ ಫ್ಯಾನಿನದು."

"ಫ್ಯಾನ್ ತಿರುಗ್ತಾನೇ ಇದೆಯಲ್ಲ" ಎಂದಳು ಅವಳು.

"ಫ್ಯಾನಿನ ಸುದ್ದಿ ಬಿಡಿ. ಅದು ಗ್ಯಾರಂಟಿ" ಎಂದರು ಅಪ್ಪ.

ಸಿಐಡಿ ಅವರನ್ನೊಮ್ಮೆ ನೋಡಿ ಅವಳತ್ತ ತಿರುಗಿದ. "ಬೇರೇನಾದ್ರೂ ವಿಚಿತ್ರ ಕಂಡಿತ್ತಾ, ಮೇಡಂ? ಎಷ್ಟು ಸಣ್ಣದಾದ್ರೂ ಸರಿ."

ಅವಳಿಗೆ ನಗು ಬಂತು. "ವಿಚಿತ್ರ ಅಂದ್ರೆ ಈ ಬಟ್ಟೆ. ಜಾಲರಿಗೆ ಸಿಕ್ಕಿಸಿದ್ರೆ ನಿಲ್ಲಲೇ ಇಲ್ಲ."

ಸಿಐಡಿ ನಗಲಿಲ್ಲ. ಮತ್ತೆ ಎಂಜಿನ್ ಚಾಲೂ ಮಾಡಿಸಿದ. ಫ್ಯಾನ್ ಗುಂಯ್ ಎಂದೊಡನೆ ಬಟ್ಟೆಯನ್ನು ಜಾಲರಿಗೆ ಒತ್ತಿ ಕೈ ಬಿಟ್ಟ. ಬಟ್ಟೆ ಹಾರಿ ಅವನ ಎದೆಗೇ ಬಡಿಯಿತು.

"ಇದೇ ನೋಡಿ ಸಾಕ್ಷಿ. ಫ್ಯಾನ್ ಹೊರಗಿನ ಗಾಳಿನ ಒಳಗೆ ಎಳೀಬೇಕು. ಇದು ಎಂಜಿನ್ನಿನ ಬಿಸಿನ ಹೊರಗೆ ಊದ್ತಿದೆ. ತಿರುಗ್ತಿದೆ ಅಂತ ಎಲ್ರೂ ಬಿಟ್ಬಿಟ್ರಿ. ಯಾವ ಕಡೆ ತಿರುಗ್ತಿದೆ ಅಂತ ಯಾರೂ ಕೇಳಲಿಲ್ಲ."

ಎಂಜಿನ್ ನಿಲ್ಲಿಸಿ ಟಾರ್ಚ್ ಬಿಟ್ಟ. ಫ್ಯಾನಿನ ವೈರುಗಳ ಮೇಲೆ ಹೊಸ ಹಳದಿ ಟೇಪು, ಸುಕ್ಕಿಲ್ಲದೆ ಸುತ್ತಿದ್ದು.

"ಇಷ್ಟು ಅಚ್ಚುಕಟ್ಟು ನಮ್ಮ ಗ್ಯಾರೇಜಿನವ್ರಿಗೆ ಬರಲ್ಲ. ಯಜಮಾನ್ರೇ, ನೀವು ಏನು ಕೆಲಸ ಮಾಡ್ತಿದ್ರಿ?"

ಅಪ್ಪನ ಮುಖ ಸಣ್ಣದಾಯಿತು. "ಮನೆ ವೈರಿಂಗ್" ಎಂದರು. ಸ್ವಲ್ಪ ತಡೆದು, "ಅವನು ಕಾರು ಒಯ್ಯೋ ಹಿಂದಿನ ದಿನ, ಶನಿವಾರ, ತೊಳೆಯುವಾಗ ನೋಡ್ದೆ, ಫ್ಯಾನಿನ ಸಾಕೆಟ್ ಕರಗಿತ್ತು. ಕತ್ತರಿಸಿ ವೈರು ಜೋಡಿಸ್ದೆ. ಎರಡೂ ಕಪ್ಪು ವೈರು. ನನ್ನ ಜನ್ಮದಲ್ಲಿ ಹಾಕಿದ ಫ್ಯಾನಿಗೆ ಲೆಕ್ಕ ಇಲ್ಲ. ಯಾವ ವೈರು ಯಾವುದಕ್ಕೆ ಕೊಟ್ರೂ ಒಂದೇ ಕಡೆ ತಿರುಗ್ತಿತ್ತು."

"ಮನೆ ಕರೆಂಟಿಗೆ ಅದು ಸರಿ. ಬ್ಯಾಟರಿ ಕರೆಂಟು ಹಾಗಲ್ಲ. ಪ್ಲಸ್ಸು ಮೈನಸ್ಸು ಅದಲುಬದಲಾದ್ರೆ ಈ ಮೋಟರು ಉಲ್ಟಾ ತಿರುಗುತ್ತೆ."

ಅಪ್ಪ ಎದ್ದು ಬಾಗಿಲ ಬಳಿ ಹೋದರು. "ಮಾಡಿದ್ದು ನಾನು, ಬೈಸ್ಕೊಂಡಿದ್ದು ನೀನು" ಎಂದು ಮಗನ ತೋಳು ಹಿಡಿದರು. ತಮ್ಮನ ಕಣ್ಣು ತುಂಬಿತು. ಅವಳಿಗೆ ನೆಲ ನೋಡದೆ ಗತಿಯಿರಲಿಲ್ಲ. ಒಂದು ಮಾತು ಕೇಳದೆ ಅವನನ್ನು ಕಟಕಟೆಗೆ ಏರಿಸಿದ್ದಳಲ್ಲ.

ಸಿಐಡಿ ವೈರು ಅದಲುಬದಲು ಮಾಡಿ ಎಂಜಿನ್ ಚಾಲೂ ಮಾಡಿಸಿದ. ಈ ಸಲ ಬಟ್ಟೆ ಅಂಟು ಹಾಕಿದಂತೆ ಜಾಲರಿಗೆ ಕಚ್ಚಿಕೊಂಡಿತು. "ಎಂಜಿನ್ನಿಗೆ ಏನೂ ಆಗಿಲ್ಲ. ಪ್ರತಿ ಸಲ ಬೇಗ ನಿಲ್ಲಿಸಿದ್ದೀರಿ" ಎಂದ. ಅವಳ ಎದೆಯ ಮೇಲಿನ ಕಲ್ಲು ಇಳಿಯಿತು.

ಅವಳು ಬೀಗದ ಕೈಯನ್ನು ತಮ್ಮನ ಅಂಗೈಯಲ್ಲಿಟ್ಟಳು. "ನಂಬಬೇಕಿತ್ತು ಕಣೋ. ತಪ್ಪಾಯ್ತು."

"ಸಂಜೆ ಪಾಠ ಇದೆ, ಹತ್ತು, ಅಕ್ಕಾ" ಎಂದು ಅವನು ಕಾರಿನ ಬಾಗಿಲು ತೆರೆದ.

ಅದೇ ಸಿಗ್ನಲ್ಲಿನಲ್ಲಿ ಕೆಂಪು ದೀಪ ಹತ್ತಿತು. ಮೂವರೂ ಮುಳ್ಳನ್ನೇ ನೋಡುತ್ತ ಕುಳಿತರು. ಅದು ನಡುವೆ ನಿಂತದ್ದು ಅಲ್ಲಾಡಲಿಲ್ಲ. ಹಸಿರು ಬಂದರೂ ತಮ್ಮ ನೋಡುತ್ತಲೇ ಇದ್ದ. ಹಿಂದಿನವರು ಹಾರನ್ ಬಾರಿಸಿದರು. ಹಿಂದಿನ ಸೀಟಿನಿಂದ ಅಪ್ಪ, "ಬಾರಿಸ್ಲಿ ಬಿಡು, ಇನ್ನೊಂದು ಗಳಿಗೆ ನೋಡೋಣ" ಎಂದರು.