ಬೆಂಚಿನ ಮೇಲಿನ ಹುಡುಗಿ

“ಗೋಂದು ಕೊಡೋ ಗುಂಡ, ಬೇಗ! ಯಾರಾದ್ರೂ ಬಂದ್ಬಿಡ್ತಾರೆ!”

ಸ್ಟೂಲಿನ ಮೇಲೆ ನಿಂತಿದ್ದ ಸಿಳ್ಳೆ ಕೈ ಚಾಚಿದಳು. ಆಸ್ತಮಾ ಎದ್ದಾಗ ಅವಳ ಎದೆ ಸುಯ್ ಸುಯ್ ಅನ್ನುತ್ತದಲ್ಲ, ಅದಕ್ಕೇ ಕ್ಲಾಸಿನವರು ಇಟ್ಟ ಹೆಸರು ಅದು.

ಶಾಲೆಯ ಗೋಡೆಯ ಮೇಲೆ ಆಸ್ತಮಾದ ಪೋಸ್ಟರ್ ಇತ್ತು. ಬರೆದವಳು ಬೇರೆ ಯಾರೂ ಅಲ್ಲ, ನರ್ಸ್ ಆಗಿರುವ ಸಿಳ್ಳೆಯ ಚಿಕ್ಕಮ್ಮ. ಓದಲು ಬಾರದವರಿಗೂ ತಿಳಿಯಲಿ ಎಂದು ಮೂರೇ ಚಿತ್ರ. ಇನ್‌ಹೇಲರ್ ಕುಲುಕುವ ಹುಡುಗಿ. ಅದನ್ನು ಕೊಳವೆಗೆ ಸಿಕ್ಕಿಸಿ ಔಷಧಿ ಎಳೆದುಕೊಳ್ಳುವ ಹುಡುಗಿ. ಬೆಂಚಿನ ಮೇಲೆ ಕೂತ ಹುಡುಗಿ.

ಆ ಮೂರನೆಯದೇ ತಂದಿಟ್ಟಿತು ನೋಡಿ ಫಜೀತಿ! ಪಿ.ಟಿ. ಮೇಷ್ಟ್ರು ಅದನ್ನು ನೋಡಿದ್ದೇ ತಡ, “ನೀನು ಕೂತ್ಕೊಳ್ಳಮ್ಮ. ನರ್ಸೇ ಬರೆದಿದ್ದಾರೆ,” ಅಂದುಬಿಟ್ಟರು. ಅಂದಿನಿಂದ ಫುಟ್‌ಬಾಲ್ ಪೀರಿಯಡ್ಡಿನಲ್ಲಿ ಸಿಳ್ಳೆಗೆ ಎಲ್ಲರ ಬ್ಯಾಗು ಕಾಯುವ ಕೆಲಸ.

ಈಗ ಬೆಂಚಿನ ಹುಡುಗಿಯ ಮೇಲೆ ಅವಳು ತಾನು ಬರೆದ ಹುಡುಗಿಯನ್ನು ಅಂಟಿಸಿದಳು. ಕೆಂಪು ಅಂಗಿ, ಹಾರುವ ಜಡೆ, ಕಾಲ ಬುಡದಲ್ಲಿ ಚೆಂಡು.

“ಯಾರದಪ್ಪ ಈ ಕೈಚಳಕ?”

ಗುಂಡ ಸ್ಟೂಲು ಬಿಟ್ಟು ಓಟ ಕಿತ್ತ. ಕ್ಲಾಸಿಗೆ ಇನ್‌ಹೇಲರ್ ಬಳಸುವುದನ್ನು ತೋರಿಸಲು ಬಂದಿದ್ದ ಚಿಕ್ಕಮ್ಮ ಎದುರಿಗೇ ನಿಂತಿದ್ದಳು. ಪಕ್ಕದಲ್ಲಿ ಮೇಷ್ಟ್ರು.

“ನಂದೇ!” ಸಿಳ್ಳೆ ಸ್ಟೂಲಿನಿಂದ ಇಳಿಯಲೇ ಇಲ್ಲ. “ಎಲ್ರೂ ಸೇರ್ಕೊಂಡು ನನ್ನ ಕೂರಿಸಿಬಿಟ್ರಿ. ನನ್ನ ಒಂದು ಮಾತು ಕೇಳಿದ್ರಾ?”

ಚಿಕ್ಕಮ್ಮ ಸ್ಟೂಲಿನ ಹತ್ತಿರ ಬಂದಳು. “ಇಲ್ಲ ಕಣೇ... ಕೇಳಲಿಲ್ಲ.” ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. “ಸರ್, ಉಸಿರು ಸರಿಹೋಗೋವರೆಗೆ ಕೂತ್ರೆ ಸಾಕು. ಆಮೇಲೆ ಆಡಬಹುದು. ಕೆಳಗೆ ಬರೆದಿದ್ದೀನಲ್ಲ.”

ಮೇಷ್ಟ್ರು ಗೋಡೆಗೆ ಮೂಗು ತಾಗಿಸಿ ನೋಡಿದರು. “ಇದು ಅಕ್ಷರವಾ? ನಾನು ಇರುವೆ ಸಾಲು ಅಂದ್ಕೊಂಡಿದ್ದೆ!”

ಮಧ್ಯಾಹ್ನ ಸಿಳ್ಳೆ ಮೈದಾನಕ್ಕೆ ಇಳಿದಳು. ಓಡಿದ್ದೇ ಓಡಿದ್ದು. ಇನ್ನೇನು ಗೋಲು ಹತ್ತಿರ ಬಂತು ಅನ್ನುವಾಗ ಎದೆ ಬಿಗಿಯಿತು. ಸುಯ್...

ಹಿಂದೆಲ್ಲ ಆಗಿದ್ದರೆ ಸುಮ್ಮನೆ ಕೆಮ್ಮಿ ಮುಚ್ಚಿಡುತ್ತಿದ್ದಳು. ಈಗ ಹೊರಗೆ ಹೋದರೆ? ಮತ್ತೆ ಬ್ಯಾಗು ಕಾಯಬೇಕೇ? ಇನ್ನೂ ಸ್ವಲ್ಪ ಓಡಿದಳು. ಸುಯ್ ಸುಯ್.

ಅವಳು ಕೈ ಎತ್ತಿದಳು.

ಬೆಂಚಿಗೆ ಬಂದು ಇನ್‌ಹೇಲರ್ ಕುಲುಕಿದಳು. ಕೊಳವೆಯಿಂದ ನಿಧಾನವಾಗಿ ಉಸಿರೆಳೆದುಕೊಂಡಳು. ಮೇಷ್ಟ್ರು ಓಡೋಡಿ ಬಂದರು. ಮುಖ ಬಿಳಿಚಿಕೊಂಡಿತ್ತು, ಅವಳದಲ್ಲ, ಅವರದು.

“ಗಾಬರಿ ಆಗ್ಬೇಡಿ ಸರ್. ಈಗ ಮೂರನೇ ಚಿತ್ರ.”

ಮೇಷ್ಟ್ರು ಪಕ್ಕದಲ್ಲೇ ಕುಸಿದು ಕೂತರು. “ಸರಿ ತಾಯಿ. ನಿನ್ನ ಜಾಗಕ್ಕೆ ಯಾರನ್ನೂ ಹಾಕಲ್ಲ. ಪೂರ್ತಿ ಸರಿಹೋದ ಮೇಲೇ ಬಾ.”

ಎದೆ ಮೆಲ್ಲಗೆ ಸಡಿಲವಾಯಿತು. ಬೆಂಚು ತಣ್ಣಗಿತ್ತು. ಅಲ್ಲಿಂದ ನೋಡಿದರೆ, ಮೈದಾನದ ನಡುವೆ ಅವಳ ಖಾಲಿ ಜಾಗ ಚೆನ್ನಾಗಿ ಕಾಣುತ್ತಿತ್ತು.

ಸಂಜೆ ಗುಂಡ ಮತ್ತೆ ಸ್ಟೂಲು ಹಿಡಿದ.

“ಈ ಸಲ ಓಡಿಹೋಗಲ್ಲ ತಾನೆ?”

“ಇಲ್ಲ ಕಣೇ, ಹತ್ತು.”

ಸಿಳ್ಳೆ ಓಡುವ ಹುಡುಗಿಯನ್ನು ಹುಷಾರಾಗಿ ಕಿತ್ತು ಪಕ್ಕದಲ್ಲಿ ಅಂಟಿಸಿದಳು. ಬೆಂಚಿನವಳು ಮತ್ತೆ ಕಂಡಳು. ಅವಳ ಬೂದು ಅಂಗಿಗೂ ಸಿಳ್ಳೆ ಕೆಂಪು ಬಣ್ಣ ತುಂಬಿದಳು.

ಗುಂಡ ಕತ್ತು ಓರೆ ಮಾಡಿದ. “ಲೇ, ಕೂತಿರೋಳೂ ಓಡ್ತಿರೋಳೂ ಒಬ್ಬಳೇನಾ?”

“ಮತ್ತೆ ಇನ್ಯಾರು?” ಎನ್ನುತ್ತಾ ಸಿಳ್ಳೆ, ಕೂತವಳಿಗೂ ಒಂದು ಹಾರುವ ಜಡೆ ಬರೆದಳು.