ಅಕ್ಕಿ ತುಂಬಿದೆ ಎಂದ ಊರು

ಬಹಳ ಬಹಳ ಹಿಂದೆ, ಹೊಳೆಗಳಿಗೆ ಇನ್ನೂ ಸೇತುವೆ ಅನ್ನೋ ಮೂಗುದಾರ ಬೀಳದಿದ್ದ ಕಾಲದಲ್ಲಿ, ಕಂಬದಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ಯುವರಾಜ ಸುಕೇತು. ನೋಡೋಕೆ ಚೆನ್ನಾಗಿದ್ದ, ಕತ್ತಿ ಚೆನ್ನಾಗಿ ಬೀಸುತ್ತಿದ್ದ, ಊಟ ಇನ್ನೂ ಚೆನ್ನಾಗಿ ಮಾಡುತ್ತಿದ್ದ. ಕೆಟ್ಟವನಲ್ಲ ಪಾಪ. ಆದರೆ ಹೊಟ್ಟೆ ತುಂಬಿದವನಿಗೆ ಹಸಿದವನ ಸಂಕಟ ಎಲ್ಲಿಂದ ಗೊತ್ತಾಗಬೇಕು?

ಕಂಬದಕೋಟೆ ಬಯಲು ಸೀಮೆ. ದಕ್ಷಿಣಕ್ಕೆ ಹೋದರೆ ಬಿಸಿಲು ನೆಲ ಮುಟ್ಟದಂಥ ಕಾಡು. ಆ ಕಾಡಿನ ನಡುವೆ ಒಂದು ಹೊಳೆ, ಹೊಳೆಯ ದಂಡೆಯಲ್ಲಿ ಮಡಿಲೂರು. ಅಲ್ಲಿ ಮನೆಗಳು ಮರದ ಕಂಬಗಳ ಮೇಲೆ ನಿಂತಿವೆಯಂತೆ, ದೋಣಿಯಲ್ಲೇ ಸಂತೆ ಕೂಡುತ್ತದಂತೆ, ನೀರುನಾಯಿಗಳು ಅಂಗಳಕ್ಕೆ ಬಂದು ಆಡುತ್ತವಂತೆ! ಇದನ್ನು ಕೇಳಿದ ಯುವರಾಜನಿಗೆ ನೋಡಬೇಕು ಅನ್ನಿಸಿತು. ಕೈಗೊಬ್ಬ ಕಾಲಿಗೊಬ್ಬ ಆಳುಗಳನ್ನು ಕಟ್ಟಿಕೊಂಡು ಹೊರಟೇಬಿಟ್ಟ.

ಮಡಿಲೂರಿನ ಸಂಗತಿ ಒಂದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಅವನ ಹಾಗೆ ಪೆದ್ದರಾಗುತ್ತೀರಿ. ಹೊಳೆಯ ಆಚೆ ದಡದಲ್ಲಿ ಬರಡಂಗ ಎಂಬ ಮಾಂತ್ರಿಕನಿದ್ದ. ಅವನ ಕಿವಿ ಬಹಳ ಚುರುಕು. ಯಾರಾದರೂ ಬಾಯಿಬಿಟ್ಟು 'ಇದು ಮುಗಿಯಿತು', 'ಅದು ಇಲ್ಲ' ಅಂದರೆ ಸಾಕು, ಅದು ಅವನ ಪಾಲು. ಮತ್ತೆಂದೂ ಅದು ಊರಿಗೆ ಸಿಗುತ್ತಿರಲಿಲ್ಲ. ಅದಕ್ಕೇ ಅಲ್ಲಿಯ ಹೆಂಗಸರು ಬಳೆ ಒಡೆದರೆ 'ಬಳೆ ಹೆಚ್ಚಿತು' ಅನ್ನುತ್ತಿದ್ದರು. ದೀಪ ಆರಿಸುವಾಗ 'ದೀಪ ದೊಡ್ಡದು ಮಾಡು' ಅನ್ನುತ್ತಿದ್ದರು. ಮನೆಯಲ್ಲಿ ಅಕ್ಕಿ ಖಾಲಿಯಾದರೆ 'ಅಕ್ಕಿ ತುಂಬಿದೆ' ಅನ್ನುತ್ತಿದ್ದರು.

ಯುವರಾಜನ ಅರಮನೆಯಲ್ಲಿ ಯಾವುದೂ ಖಾಲಿಯಾಗುತ್ತಿರಲಿಲ್ಲ. ಹಾಗಾಗಿ ಈ ಮಾತು ಅವನ ಕಿವಿಗೆ ಬಿದ್ದೇ ಇರಲಿಲ್ಲ.

ಊರಿನ ಹಿರಿಯಳು ಬೆಳ್ಳವ್ವ. ಅವಳ ಜೊತೆ ಇದ್ದದ್ದು ಮೊಮ್ಮಗಳು ಸುವ್ವಿ, ಐದಾರು ವರ್ಷದ ಕೂಸು. ಯುವರಾಜ ಬಂದಿಳಿದದ್ದು ಇವರ ಮನೆಗೇ. ಆಗ ಮಳೆಗಾಲದ ಕೊನೆ. ಹಳೆಯ ಅಕ್ಕಿ ತಳ ಕಂಡಿತ್ತು, ಹೊಸ ಪೈರು ಗದ್ದೆಯಲ್ಲಿ ಇನ್ನೂ ಹಾಲು ತುಂಬುತ್ತಿತ್ತು.

ಮೊದಲ ದಿನ ಬೆಳ್ಳವ್ವ ಇದ್ದಬದ್ದ ಅಕ್ಕಿಯನ್ನೆಲ್ಲ ಬೇಯಿಸಿ, ಹೊಳೆಮೀನಿನ ಸಾರು ಮಾಡಿ ಬಡಿಸಿದಳು. ಯುವರಾಜ ಉಂಡ, ಆಳುಗಳು ಉಂಡರು. ಸುವ್ವಿ ಒಳಗಿನಿಂದ, "ಅಜ್ಜೀ, ಅಕ್ಕಿ ತುಂಬಿದೆ" ಅಂದಳು.

"ಆಹಾ! ತುಂಬಿದೆಯೇ? ಹಾಗಾದರೆ ನಾಳೆಯೂ ಇಲ್ಲೇ ಇರೋಣ!" ಅಂದ ಯುವರಾಜ.

ಎರಡನೆಯ ದಿನ ನೆರೆಹೊರೆಯವರು ಸೆರಗಿನಲ್ಲಿ ಮುಚ್ಚಿಕೊಂಡು ಅಕ್ಕಿ ತಂದುಕೊಟ್ಟರು. ಯುವರಾಜ ದೋಣಿಯಲ್ಲಿ ಸುತ್ತಾಡಿ, ಮಂಗಟ್ಟೆ ಹಕ್ಕಿ ನೋಡಿ, ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಇಂಬಳ ಕಿತ್ತು ಕಿರುಚಿ, ಹಸಿದು ಬಂದ. ಎಲ್ಲರೂ ಮತ್ತೆ ಉಂಡರು.

"ಬುದ್ಧೀ, ನಮ್ಮ ಊರಲ್ಲೆಲ್ಲ ಅಕ್ಕಿ ತುಂಬಿದೆ" ಅಂದಳು ಬೆಳ್ಳವ್ವ, ಸ್ವಲ್ಪ ಒತ್ತಿಯೇ.

"ಎಂಥ ಪುಣ್ಯದ ಊರು ತಾಯಿ ನಿಮ್ಮದು! ಇನ್ನೊಂದು ಸೌಟು ಹಾಕಿ!"

ಮೂರನೆಯ ದಿನ ಬಿತ್ತನೆಗೆಂದು ಇಟ್ಟಿದ್ದ ಭತ್ತವನ್ನೇ ಕುಟ್ಟಿದರು. ಅತಿಥಿ ಎಲೆ ಮುಂದೆ ಕೂತಾಗ ಏಳಿ ಅನ್ನುವುದು ಹೇಗೆ? ಕುಟ್ಟುವಾಗ ಯಾರೂ ಹಾಡಲಿಲ್ಲ. ಯುವರಾಜ ಅದನ್ನೂ ಉಂಡ, ತೇಗಿದ.

ನಾಲ್ಕನೆಯ ಬೆಳಿಗ್ಗೆ, 'ಇಷ್ಟೊಂದು ಅಕ್ಕಿ ಇರೋ ಕಣಜ ಹೇಗಿದೆ ನೋಡಿಬಿಡೋಣ' ಅಂತ ಏಣಿ ಹತ್ತಿ ಕಣಜದ ಬಾಗಿಲು ತೆಗೆದ. ಒಳಗೆ ಸುವ್ವಿ ಮಂಡಿಯೂರಿ ಕೂತು, ಹಲಗೆ ಸಂದಿಯಲ್ಲಿ ಸಿಕ್ಕಿಕೊಂಡ ಕಾಳುಗಳನ್ನು ಉಗುರಿನಿಂದ ಕೀಳುತ್ತಿದ್ದಳು. ಅವಳ ಇನ್ನೊಂದು ಅಂಗೈಯಲ್ಲಿ ಅರ್ಧ ಹಿಡಿಯೂ ಇರಲಿಲ್ಲ.

"ಅಯ್ಯೋ! ಇಲ್ಲಿ ಅಕ್ಕಿಯೇ ಇಲ್ಲವಲ್ಲ!" ಅಂತ ಕೂಗಿಯೇಬಿಟ್ಟ ಮಹಾರಾಯ. "ಎಲ್ಲಾ ಮುಗಿದುಹೋಗಿದೆಯಲ್ಲ!"

ಬೆಳ್ಳವ್ವ ಓಡಿ ಬಂದು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಏನು ಪ್ರಯೋಜನ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಚೆ ದಡದಿಂದ ಒಂದು ಒಣಗಾಳಿ ಎದ್ದು ಹೊಳೆ ದಾಟಿ ಬಂತು. ಸುವ್ವಿಯ ಅಂಗೈಯ ಕಾಳು ಜೊಳ್ಳಾಯಿತು. ಗದ್ದೆಯ ಹಸಿರು ಪೈರು ಕಣ್ಣೆದುರೇ ಬಿಳಿಚಿ, ತೆನೆಗಳೆಲ್ಲ ಜೊಳ್ಳಾಗಿ ನಿಂತವು. ಮಡಿಲೂರಿನಲ್ಲಿ ಅಕ್ಕಿ ಅನ್ನುವುದು ಮುಗಿಯಿತು. ಇನ್ನು ಊರಿಗೆ ಉಪವಾಸವೇ ಗತಿ.

ಇದನ್ನು ನೋಡಿದ ಆಳುಗಳು ದಿಕ್ಕಿಗೊಬ್ಬರಂತೆ ಓಡಿಹೋದರು. ಯುವರಾಜ ನಿಂತೇ ಇದ್ದ.

"ಮೊದಲೇ ಯಾಕೆ ಹೇಳಲಿಲ್ಲ ತಾಯಿ?"

"ಹೇಳಿದ್ವಲ್ಲ ಬುದ್ಧೀ. ದಿನಾ ಹೇಳಿದ್ವಿ" ಅಂದಳು ಬೆಳ್ಳವ್ವ. ಆಮೇಲೆ ಆ ಮಾತಿನ ಅರ್ಥ ಬಿಡಿಸಿ ಹೇಳಿದಳು. ಆಚೆ ದಡದ ಬರಡಂಗನ ವಿಷಯವನ್ನೂ ಹೇಳಿದಳು.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಯುವರಾಜನ ಕಿವಿ ಕೆಂಪಾಯಿತು, ಕುತ್ತಿಗೆ ಕೆಂಪಾಯಿತು. ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

"ನಾನು ಹೋಗಿ ಅದನ್ನು ತರುತ್ತೇನೆ" ಅಂತ ಎದ್ದ.

"ಹೋಗಿ ಬಾ" ಅಂದಳು ಬೆಳ್ಳವ್ವ. ತಂದೇ ತರುತ್ತಾನೆ ಅಂತ ಅವಳಿಗೇನೂ ನಂಬಿಕೆ ಇರಲಿಲ್ಲ. ಆದರೂ ತನ್ನ ದೋಣಿ ಕೊಟ್ಟಳು.

ಹೊಳೆಯ ನಡುಮಧ್ಯೆ ದೋಣಿ ಗಕ್ಕನೆ ನಿಂತಿತು. ನೀರಿನಿಂದ ಒಂದು ಮೊಸಳೆ ತಲೆಯೆತ್ತಿತು. "ಯಾರು ನೀನು?"

"ಕಂಬದಕೋಟೆಯ ಯುವರಾಜ ಸುಕೇತು."

ದೋಣಿ ಒಂದು ಗೇಣು ಮುಳುಗಿತು. "ಯಾರು ನೀನು?"

"ಶೂರ! ಹದಿನಾರು ದೇಶದ ಮಲ್ಲರನ್ನು ಗೆದ್ದವನು!"

ದೋಣಿ ಇನ್ನೊಂದು ಗೇಣು ಮುಳುಗಿ, ನೀರು ಒಳಗೆ ನುಗ್ಗಿತು. ಮೊಸಳೆ ಮೂರನೆಯ ಸಲ ಕೇಳಿತು. "ಯಾರು ನೀನು?"

ಯುವರಾಜ ತಲೆ ತಗ್ಗಿಸಿದ. "ಹಸಿದವರ ಅನ್ನ ಉಂಡವನು."

ಮೊಸಳೆ ದೋಣಿಯ ಅಡಿಗೆ ಬೆನ್ನು ಕೊಟ್ಟು ಎತ್ತಿ, ಅವನನ್ನು ಆಚೆ ದಡ ಮುಟ್ಟಿಸಿತು.

ದಡ ಹತ್ತಿದರೆ ದಾರಿಗೆ ಅಡ್ಡ ಹುಲಿ. ಒಂದೇ ಏಟಿಗೆ ಅವನನ್ನು ಕೆಡವಿ ಎದೆಯ ಮೇಲೆ ಪಂಜ ಇಟ್ಟು ಕೇಳಿತು, "ಗೊತ್ತಿದ್ದೂ ಉಂಡೆಯಾ?"

"ಗೊತ್ತಿರಲಿಲ್ಲ! ಅವರ ಮಾತು ನನಗೆ ತಿಳಿಯಲಿಲ್ಲ!"

ಪಂಜ ಭಾರವಾಯಿತು. "ಗೊತ್ತಿದ್ದೂ ಉಂಡೆಯಾ?"

"ಯಾರೂ ಬಿಡಿಸಿ ಹೇಳಲಿಲ್ಲ!"

ಉಗುರು ಚರ್ಮಕ್ಕೆ ಇಳಿಯಿತು. "ಗೊತ್ತಿದ್ದೂ ಉಂಡೆಯಾ?"

ಯುವರಾಜ ಅತ್ತುಬಿಟ್ಟ. ನೋವಿಗಲ್ಲ. "ಮುದುಕಿ ಹೊಟ್ಟೆಗೆ ಸೆರಗು ಬಿಗಿದು ಕಟ್ಟಿಕೊಂಡಿದ್ದು ನೋಡಿದೆ. ಮಗು ನನ್ನ ಎಲೆಯನ್ನೇ ನೋಡ್ತಾ ಕೂತಿದ್ದೂ ನೋಡಿದೆ. ನೀವು ಉಂಡಿರಾ ಅಂತ ಕೇಳಿದ್ದರೆ ಅರ್ಧ ಊಟಕ್ಕೆ ಏಳಬೇಕಾಗುತ್ತಿತ್ತು. ಅದಕ್ಕೇ ಕೇಳಲಿಲ್ಲ."

ಇದನ್ನು ಅವನು ತನಗೆ ತಾನೇ ಕೂಡ ಹೇಳಿಕೊಂಡಿರಲಿಲ್ಲ, ನೋಡಿ. ಹುಲಿ ಪಂಜ ತೆಗೆದು ಪಕ್ಕಕ್ಕೆ ಸರಿಯಿತು.

ಆಲದ ಬೇರುಗಳ ಕೆಳಗೆ ಬರಡಂಗನ ಗವಿ. ಒಳಗೆ ಸಾಲು ಸಾಲು ಮಡಕೆ. ಒಂದರಲ್ಲಿ ಯಾರದ್ದೋ ನಿದ್ದೆ, ಒಂದರಲ್ಲಿ ಯಾರದ್ದೋ ನಗು. ಎಲ್ಲಕ್ಕಿಂತ ದೊಡ್ಡ ಮಡಕೆಯಲ್ಲಿ ಮಡಿಲೂರಿನ ಅಕ್ಕಿ. ಯುವರಾಜ ಆ ಮಡಕೆಯನ್ನು ಅಪ್ಪಿ ಎತ್ತಲು ನೋಡಿದ. ಅಲ್ಲಾಡಲಿಲ್ಲ. ಕತ್ತಿಯಿಂದ ಹೊಡೆದ. ಕತ್ತಿಯೇ ಮುರಿಯಿತು.

ಬರಡಂಗ ಕುಲುಕುಲು ನಕ್ಕ. ಕಡ್ಡಿಯಂಥ ಮನುಷ್ಯ, ಅಷ್ಟೆಲ್ಲ ಕದ್ದಿಟ್ಟರೂ ಮೈಗೆ ಹತ್ತಿರಲಿಲ್ಲ. "ಬಾರಪ್ಪ ಬಾ! ನಿನ್ನಿಂದ ನನಗೆ ಒಳ್ಳೆ ಸುಗ್ಗಿ ಆಯ್ತು. ಅದಕ್ಕೊಂದು ಉಪಕಾರ ಮಾಡ್ತೀನಿ. ನಿನ್ನ ಎದೆ ಉರೀತಿದೆಯಲ್ಲ, ಆ ನಾಚಿಕೆ, ಅದನ್ನು ನನಗೆ ಕೊಡು. 'ನನ್ನ ನಾಚಿಕೆ ಮುಗಿಯಿತು' ಅಂತ ಒಂದು ಮಾತು ಅನ್ನು. ನೀನು ಮಾಡಿದ್ದು ನಿನಗೂ ಮರೆತುಹೋಗುತ್ತೆ, ಊರಿಗೂ ಮರೆತುಹೋಗುತ್ತೆ. ತಲೆಯೆತ್ತಿಕೊಂಡು ಮನೆಗೆ ಹೋಗು."

ಆಸೆಯಾಗಲಿಲ್ಲ ಅನ್ನಬೇಡಿ. ಬಹಳ ಆಸೆಯಾಯಿತು. ಆ ಮಾತು ನಾಲಿಗೆಯ ತುದಿಗೇ ಬಂತು. ಆದರೆ ತನಗೇ ಮರೆತುಹೋದರೆ ಅವರಿಗೆ ಅಕ್ಕಿ ತರುವವರು ಯಾರು?

"ಮುಗಿದಿಲ್ಲ" ಅಂದ ಯುವರಾಜ.

"ಮುಗಿಯಿತು ಅನ್ನೋ! ಜನ ಬೆನ್ನ ಹಿಂದೆ ನಗ್ತಾರೆ. ಹೊಟ್ಟೆಬಾಕ ದೊರೆ ಅಂತಾರೆ."

"ಅನ್ನಲಿ. ಮುಗಿದಿಲ್ಲ."

"ಸಾಯೋವರೆಗೂ ಸುಡುತ್ತೆ ಕಣೋ, ಪ್ರತಿ ತುತ್ತಿಗೂ ಸುಡುತ್ತೆ!"

"ಸುಡಲಿ. ನನ್ನ ನಾಚಿಕೆ ನನ್ನದು. ಮುಗಿದಿಲ್ಲ."

ಇಷ್ಟು ವರ್ಷದಲ್ಲಿ ಬರಡಂಗನಿಗೆ ಯಾರೂ ಕೊಡೆನೆಂದು ಹೇಳಿರಲಿಲ್ಲ. ಅವನಿಗೆ ನಖಶಿಖಾಂತ ಕೋಪ ಬಂತು. ನೆಲಕ್ಕೆ ಕಾಲು ಅಪ್ಪಳಿಸಿ ಕಿರುಚಿದ, "ಇನ್ನು ನಿನ್ನ ಹತ್ತಿರ ಮಾತೇ ಇಲ್ಲ! ನನ್ನ ಮಾತು ಮುಗಿಯಿತು!"

ಅಷ್ಟೇ. ಮಾಡಿದ್ದುಣ್ಣೋ ಮಹರಾಯ! ಯಾವುದು ಮುಗಿಯಿತು ಅಂದರೆ ಅದು ಮುಗಿಯಬೇಕು, ಅವನದೇ ಕಟ್ಟಳೆ. ಬಾಯಿ ತೆರೆದ, ಸದ್ದಿಲ್ಲ. ಮತ್ತೆ ತೆರೆದ, ಸದ್ದಿಲ್ಲ. ಮಾತೇ ಇಲ್ಲದವನಿಗೆ ಮಂತ್ರ ಎಲ್ಲಿಂದ ಬರಬೇಕು? ಮಡಕೆಗಳು ಫಟ್ ಫಟ್ ಅಂತ ಒಡೆದವು. ನಿದ್ದೆ ನಿದ್ದೆಗೆಟ್ಟವರ ಕಡೆ ಹೋಯಿತು, ನಗು ನಕ್ಕುಕೊಂಡು ಹೋಯಿತು, ಅಕ್ಕಿ ಹೊಳೆಯ ಮೇಲೆ ಬೆಳ್ಳಗೆ ಹಾರಿ ಊರ ಕಡೆ ಹೋಯಿತು. ಬರಡಂಗ ಸದ್ದಿಲ್ಲದ ಬಾಯಿ ಬಡಿದುಕೊಳ್ಳುತ್ತ ಕಾಡಿನೊಳಗೆ ಓಡಿದವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಯುವರಾಜ ಈಚೆ ದಡ ಸೇರುವಷ್ಟರಲ್ಲಿ ಕಣಜಗಳು ಭರ್ತಿಯಾಗಿದ್ದವು, ಗದ್ದೆಯ ತೆನೆ ಭಾರಕ್ಕೆ ಬಾಗಿತ್ತು. ಊರಿಗೆ ಊರೇ ಒಲೆ ಹಚ್ಚಿತ್ತು. ಬೆಳ್ಳವ್ವ ಅವನಿಗೆ ಮೊದಲ ಎಲೆ ಹಾಕಿದಳು. ಅವನು ಕೂರಲಿಲ್ಲ. ಮಕ್ಕಳಿಗೆ ಬಡಿಸಿದ, ಮುದುಕರಿಗೆ ಬಡಿಸಿದ, ಕೊನೆಗೆ ಬೆಳ್ಳವ್ವನಿಗೂ ಬಡಿಸಿದ. ಎಲ್ಲರೂ ಒತ್ತಾಯ ಮಾಡಿದ ಮೇಲೆ ಬಾಗಿಲ ಹತ್ತಿರ, ಸಾಲಿನ ತುದಿಯಲ್ಲಿ, ಸುವ್ವಿಯ ಪಕ್ಕ ಕೂತ.

ಸುವ್ವಿ ಅವನನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಅಜ್ಜೀ, ನಮ್ಮ ಅನ್ನ ಎಲ್ಲಾ ತಿಂದೋನು ಇವನೇ ಅಲ್ವಾ?" ಅಂದಳು.

ಬೆಳ್ಳವ್ವ, "ಶ್! ಸುಮ್ನಿರೇ!" ಅಂತ ಗದರಿದಳು.

ಯುವರಾಜನ ಮುಖ ಕೆಂಪಾಗಿ ಉರಿಯಿತು. "ಬೈಬೇಡಿ ತಾಯಿ, ಮಗು ಸರಿಯಾಗೇ ಹೇಳ್ತು" ಅಂದ. ಸುವ್ವಿಯ ಕಡೆ ತಿರುಗಿ, "ಹೌದಮ್ಮ. ನಾನೇ" ಅಂದ.

ಸುವ್ವಿ ಒಂದು ಗಳಿಗೆ ಯೋಚನೆ ಮಾಡಿದಳು. ಇನ್ನೂ ಅನ್ನ ಬೀಳದ ಅವನ ಎಲೆ ನೋಡಿದಳು. ತನ್ನ ಎಲೆಯಿಂದ ಅರ್ಧ ಅನ್ನ ಪುಟ್ಟ ಕೈಯಲ್ಲಿ ಬಾಚಿ ಅವನ ಎಲೆಗೆ ಹಾಕಿದಳು.

"ತಗೋ. ಹಸಿವಾಗಿರುತ್ತೆ."

ಯುವರಾಜ ಉಂಡ, ಒಂದು ಅಗುಳೂ ಬಿಡದೆ ಉಂಡ, ಕಣ್ಣೀರು ಎಲೆಗೆ ಬೀಳುತ್ತಿದ್ದರೂ ಉಂಡ. ಸುವ್ವಿ ತನ್ನ ಪಾಲಿನ ಉಳಿದರ್ಧವನ್ನು ಉಣ್ಣುತ್ತ, ಅವನು ಸರಿಯಾಗಿ ಉಣ್ಣುತ್ತಾನೋ ಇಲ್ಲವೋ ಅಂತ ನೋಡುತ್ತಿದ್ದಳು.

ಅಲ್ಲಿಂದ ಮುಂದೆ ಮಡಿಲೂರಿನವರು ಉಂಡುಟ್ಟು ಸುಖವಾಗಿದ್ದರು, ಕಂಬದಕೋಟೆಯವರೂ ಸುಖವಾಗಿದ್ದರು. ಸುಕೇತು ರಾಜನಾಗಿ ಬಹಳ ಕಾಲ ಆಳಿದ. ಅವನೂ ಸುಖವಾಗಿದ್ದನೇ ಅಂತ ಕೇಳುತ್ತೀರಾ? ಇದ್ದ. ನಾಚಿಕೆ ಇದ್ದವನು ಸುಖವಾಗಿರಬಾರದು ಅಂತ ಯಾರಾದರೂ ಹೇಳಿದ್ದಾರೆಯೇ?