ನೀಲಿ ದಾರದ ರೋಸ್‌ಮರಿ

ನೆವೆನ್ಕಾ ಡಬ್ಬಿಯ ಬಿಳಿ ಮರಳನ್ನು ಬೆರಳಿನಿಂದ ಸರಿಸಿ, ಒಳಗೆ ಹೂತಿಟ್ಟಿದ್ದ ಪಿಯೊನಿ ಹೂವನ್ನು ಮೆಲ್ಲಗೆ ಎತ್ತಿದಳು. ಎಸಳುಗಳ ನಡುವೆ ಸಿಕ್ಕಿದ್ದ ಮರಳನ್ನು ಸಣ್ಣ ಕುಂಚದಿಂದ ಉದುರಿಸಿದಳು. ಹೂ ಪೂರ್ತಿ ಒಣಗಿತ್ತು, ಬಣ್ಣ ಮಾತ್ರ ಮದುವೆಯ ದಿನದ್ದೇ. ಮಾಸಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಅದು ಸ್ಮಿಲ್ಯಾಳ ಮದುವೆಯ ಬೊಕೆ. ಗಾಜಿನ ಪೆಟ್ಟಿಗೆಯಲ್ಲಿ ನೆನಪಿಗೆ ಉಳಿಸಿಕೊಡಬೇಕೆಂದು ತಂದುಕೊಟ್ಟವನು ಅವಳ ಗಂಡನಲ್ಲ, ವೆದ್ರಾನ್. ಮದುವೆಗಳಲ್ಲಿ ತಂಬುರಿತ್ಸಾ ತಂತಿವಾದ್ಯ ನುಡಿಸುವವನು. ಒಂದು ಕಾಲಕ್ಕೆ ಸ್ಮಿಲ್ಯಾಳ ಬೆನ್ನುಬಿದ್ದಿದ್ದವನು.

"ಒಂದೆಸಳೂ ಉದುರಬಾರದು ಕಣೇ," ಎಂದು ಬಾಗಿಲಲ್ಲಿ ನಿಂತು ನಕ್ಕಿದ್ದ. ನಗುವಾಗ ಅವನ ಎಡಗಣ್ಣು ತುಸು ಹೆಚ್ಚು ಕಿರಿದಾಗುತ್ತದೆ. ಪೊಷೆಗಾ ಊರಲ್ಲಿ ಅದನ್ನು ಗಮನಿಸಿದವಳು ತಾನೊಬ್ಬಳೇ, ಸ್ಮಿಲ್ಯಾಳನ್ನು ಬಿಟ್ಟರೆ. ಆ 'ಬಿಟ್ಟರೆ'ಯೇ ನೆವೆನ್ಕಾಳ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು.

ಮದುವೆಯ ದಿನ ಗೇಟಿನಲ್ಲಿ ನಿಂತು ಬಂದವರ ಎದೆಗೆ, ಅಡುಗೆಗೂ ಹಾಕುವ ಘಮದ ಸೊಪ್ಪು ರೋಸ್‌ಮರಿಯ ಕಡ್ಡಿಯನ್ನು ಪಿನ್ನಿನಿಂದ ಚುಚ್ಚುವ ಕೆಲಸ ಅವಳದಾಗಿತ್ತು. ಮದುವೆಯಾದವರಿಗೆ ಬಲಕ್ಕೆ, ಆಗದವರಿಗೆ ಎಡಕ್ಕೆ. ಎಲ್ಲ ಕಡ್ಡಿಗಳಿಗೂ ಬಿಳಿ ದಾರ. ಒಂದಕ್ಕೆ ಮಾತ್ರ ಗುಟ್ಟಾಗಿ ನೀಲಿ ಕಟ್ಟಿದ್ದಳು. ಅದನ್ನು ವೆದ್ರಾನ್‌ಗೆ ಚುಚ್ಚುವಾಗ ಗಡಿಬಿಡಿಯಲ್ಲಿ ಎಡಕ್ಕೆ ಬದಲು ಬಲಕ್ಕೇ ಚುಚ್ಚಿಬಿಟ್ಟಳು. ಅವನು ತನ್ನ ಎದೆ ನೋಡಿಕೊಂಡ, ಅವಳ ಮುಖ ನೋಡಿದ, ಒಳಗೆ ಹೋದ.

ಬೊಕೆ ಬಿಚ್ಚಿದಾಗ ಅದೇ ನೀಲಿ ದಾರದ ಕಡ್ಡಿ ಪಿಯೊನಿಗಳ ನಡುವೆ ಸಿಕ್ಕಿತು. ತನ್ನ ಎದೆಯ ಮೇಲಿಂದ ಕಿತ್ತು ಸ್ಮಿಲ್ಯಾಗೆ ಕೊಟ್ಟಿದ್ದಾನೆ, ಎಂದುಕೊಂಡಳು.

ಹೂವಂಗಡಿಯ ಒಡತಿ ಚಿಕ್ಕಮ್ಮ ರೂಜಾಗೆ ಇದೊಂದೂ ಗೊತ್ತಿರಲಿಲ್ಲ. "ಇನ್ನೊಬ್ಬಳ ಹೂವಿಗೆ ಎಷ್ಟು ಉಪಚಾರ ಮಾಡ್ತೀಯೇ. ನಿನ್ನ ಬೊಕೆ ಒಣಗಿಸೋದು ಯಾವಾಗ?" ಎಂದು ದಿನವೂ ಕೆಣಕುತ್ತಿದ್ದಳು. ಬೊಕೆಯಿಂದ ತೆಗೆದು ಕಿಟಕಿಯಲ್ಲಿಟ್ಟ ಆ ಕಡ್ಡಿ ಕಣ್ಣಿಗೆ ಬಿದ್ದಾಗಲೆಲ್ಲ ನೆವೆನ್ಕಾಗೆ ಮೈ ಉರಿಯುತ್ತಿತ್ತು. ಇವತ್ತು ಚಿಕ್ಕಮ್ಮ ಆಲೂಗಡ್ಡೆಯನ್ನು ಒಲೆಯೊಳಗೆ ಬೇಯಲಿಡುವಾಗ ತಡೆಯಲಾಗಲಿಲ್ಲ. ಪಿನ್ನು ಕಿತ್ತು, ಕಡ್ಡಿಯನ್ನು ಲಟಲಟ ಮುರಿದು ಆಲೂಗಡ್ಡೆಯ ಮೇಲೆ ಎಸೆದಳು. ದಾರ ಬಿಚ್ಚುವಷ್ಟೂ ತಾಳ್ಮೆ ಇರಲಿಲ್ಲ.

ಮಧ್ಯಾಹ್ನ ವೆದ್ರಾನ್ ಬಂದ. ಘಮ ಚೆನ್ನಾಗಿದೆ ಎಂದ. ಚಿಕ್ಕಮ್ಮ ಅವನನ್ನು ಎಳೆದು ಕೂರಿಸಿ ತಟ್ಟೆ ತುಂಬ ಆಲೂಗಡ್ಡೆ ಬಡಿಸಿದಳು, ತಾನೂ ಕೂತಳು. ನೆವೆನ್ಕಾ ಗಾಜಿನ ಪೆಟ್ಟಿಗೆಯನ್ನು ಅವನ ಮುಂದೆ ತಳ್ಳಿದಳು.

"ಎಸಳು ಉದುರಿಲ್ಲ. ಹೇಳು ನಿನ್ನ ಸ್ಮಿಲ್ಯಾಗೆ."

"ನನ್ನ ಸ್ಮಿಲ್ಯಾನಾ? ಅವಳ ಗಂಡ ತರ್ತೀನಿ ಅಂದ. ನಾನೇ ಗೋಗರೆದು ಇಸ್ಕೊಂಡೆ."

"ಯಾಕೆ?"

"ನನ್ನ ಹತ್ರ ಒಣಗಿಸೋಕೆ ಯಾವ ಹೂ ಇದೆ ಮಾರಾಯ್ತಿ? ಇಲ್ಲಿಗೆ ಬರೋಕೆ ಒಂದು ನೆಪ ಬೇಡ್ವಾ?"

ಅವಳು ಕುಂಚವನ್ನು ಸುಮ್ಮನೆ ಒರೆಸತೊಡಗಿದಳು. ಅವನು ತಟ್ಟೆ ನೋಡುತ್ತಲೇ ಹೇಳಿದ. ಮದುವೆಮನೆಯಲ್ಲಿ ಎಲ್ಲರೂ ಅವನ ಬಲಗಡೆ ನೋಡಿ, ಯಾವಾಗ ಕದ್ದು ಮದುವೆಯಾದೆ, ಹೆಂಡತಿ ಎಲ್ಲಿ ಎಂದು ಕಾಡಿದರಂತೆ.

"ಗೇಟಲ್ಲಿ ರೋಸ್‌ಮರಿ ಚುಚ್ತಿದಾಳೆ ಅಂದೆ."

ಕುಂಚ ಅವಳ ಕೈಯಲ್ಲೇ ನಿಂತಿತು.

"ಎಲ್ಲರ ಎದೆ ನೋಡ್ಕೊಂಡು ಬಂದೆ," ಎಂದ ಅವನು. "ನೀಲಿ ದಾರ ನಂದೊಂದಕ್ಕೇ. ಅದೂ ಕೆಡದೆ ಉಳೀಲಿ ಅಂತ ಬೊಕೆಯೊಳಗೆ ಸೇರಿಸಿದೆ. ನೀನು ನೋಡ್ತೀಯ, ಕೇಳ್ತೀಯ ಅಂದ್ಕೊಂಡೆ. ಕೇಳಲೇ ಇಲ್ಲ."

ಚಿಕ್ಕಮ್ಮ ಅಗಿಯುವುದನ್ನು ನಿಲ್ಲಿಸಿದಳು. ಹಲ್ಲಿನ ಸಂದಿಯಿಂದ ಏನನ್ನೋ ಎಳೆದು ತಟ್ಟೆಯ ಅಂಚಿಗಿಟ್ಟಳು. ಕರಕಲಾದ ತುದಿಯ ನೀಲಿ ದಾರ. ಅವಳು ಅದನ್ನು ನೋಡಿದಳು, ನೆವೆನ್ಕಾಳನ್ನು ನೋಡಿದಳು.

ವೆದ್ರಾನ್‌ನ ಕಣ್ಣು ಇನ್ನೂ ಗಾಜಿನೊಳಗೆ ಹುಡುಕುತ್ತಿತ್ತು.

"ಹೂವೆಲ್ಲ ಸ್ಮಿಲ್ಯಾಗಿರಲಿ," ಎಂದ. "ಆ ಕಡ್ಡಿ ನನಗೆ ಕೊಡು, ನೆವೆನ್ಕಾ."